ಮದ್ದು ಕಲಬೆರಕೆಯಲ್ಲ, ಬೂಷ್ಟೇ ಬೇರೆಯಾಗಿತ್ತು

2009ರ ಮುಂಗಾರಿನಲ್ಲಿ ಒಂದೂವರೆ ಎಕರೆಗೆ ಆಲೂಗೆಡ್ಡೆ ಹಾಕಿದ್ದೆ. ನಮ್ಮ ಹಾಸನ ಸೀಮೆಯಲ್ಲಿ ಆಷಾಢದ ಸೋನೆ ಹಿಡಿದರೆ ಅಂಗಮಾರಿ ಬರುವುದು ಹೊಸತೇನಲ್ಲ. ಎಲೆಯ ಅಂಚಿನಲ್ಲಿ ನೀರು ಕುಡಿದಂಥ ಕಪ್ಪು ಮಚ್ಚೆ, ಬೆಳಗ್ಗೆ ಮಗುಚಿ ನೋಡಿದರೆ ಅಡಿಯಲ್ಲಿ ಬೆಳ್ಳನೆ ಬೂಷ್ಟು. ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಕೂಡಿಸಿದ ಪುಡಿ ತಂದು ಲೀಟರಿಗೆ ಎರಡೂವರೆ ಗ್ರಾಂನಂತೆ ಹೊಡೆಯುವುದು ರೂಢಿ. ಮೊದಲೆಲ್ಲ ಎರಡು ಸಲ ಹೊಡೆದರೆ ರೋಗ ನಿಲ್ಲುತ್ತಿತ್ತು.

ಆ ವರ್ಷ ನಿಲ್ಲಲಿಲ್ಲ. ಐದು ದಿನ ಬಿಟ್ಟು ಮತ್ತೆ ಹೊಡೆದೆ. ಆಮೇಲೆ ಲೀಟರಿಗೆ ಐದು ಗ್ರಾಂ ಹಾಕಿದೆ. ಹದಿನೈದು ದಿನದಲ್ಲಿ ಹೊಲ ಸುಟ್ಟ ಹಾಗಾಯಿತು. ಕಿತ್ತಾಗ ಸಿಕ್ಕಿದ್ದು ಇಪ್ಪತ್ತೆರಡು ಮೂಟೆ, ಅದರಲ್ಲೂ ಕೊಳೆತದ್ದೇ ಹೆಚ್ಚು. ಸೀದಾ ಮದ್ದಿನ ಅಂಗಡಿಗೆ ಹೋಗಿ, "ಕಲಬೆರಕೆ ಮಾಲು ಕೊಟ್ಟಿದ್ದೀಯ, ಬಾಕಿ ದುಡ್ಡು ಕೊಡಲ್ಲ" ಅಂತ ನಾಲ್ಕು ಜನರ ಮುಂದೆ ಕೂಗಾಡಿದೆ. "ಇಲ್ಲ ಅಣ್ಣಾ, ಹೋದ ವರ್ಷ ಕೊಟ್ಟದ್ದೇ ಇದು" ಅಂದ. ನಾನು ಕೇಳಲಿಲ್ಲ. ಆರು ವರ್ಷ ಆ ಅಂಗಡಿ ಮೆಟ್ಟಿಲು ಹತ್ತಲಿಲ್ಲ.

ನನ್ನ ತಪ್ಪು ತಿಳಿದದ್ದು ಒಂದು ರೈತ ತರಬೇತಿಯಲ್ಲಿ. ಆ ಹೊತ್ತಿಗೆ ದಕ್ಷಿಣ ಭಾರತದ ಟೊಮೆಟೊ, ಆಲೂಗೆಡ್ಡೆ ಹೊಲಗಳಿಂದ ಅಂಗಮಾರಿ ಮಾದರಿ ಒಟ್ಟುಮಾಡಿ ಪಿ. ಚೌಡಪ್ಪ ಮತ್ತು ಸಂಗಡಿಗರು ಪರೀಕ್ಷೆ ಮಾಡಿದ್ದರು. 2013ರಲ್ಲಿ ಟೊಮೆಟೊ ಬಗ್ಗೆ, 2015ರಲ್ಲಿ ಎರಡೂ ಬೆಳೆಯ ಬಗ್ಗೆ ವರದಿ ಬಂತು. ಮೊದಲಿದ್ದ ಹಳೆಯ ತಳಿಯ ಜಾಗಕ್ಕೆ '13 ಎ2' ಎಂಬ ಬೇರೆ ತಳಿ ಬಂದು ಕೂತಿತ್ತು. ಯುರೋಪಿನಲ್ಲಿ 2004ರಲ್ಲಿ ಕಂಡುಬಂದ ತಳಿ ಅದು. ಮೆಟಲಾಕ್ಸಿಲ್‌ಗೆ ಜಗ್ಗುವುದಿಲ್ಲ.

ಈ 'ಜಗ್ಗದಿರುವುದು' ಹೇಗೆ ಬರುತ್ತದೆ? ಮದ್ದು ಕುಡಿದು ಕುಡಿದು ಬೂಷ್ಟಿಗೆ ಅಭ್ಯಾಸವಾಯಿತು ಅಂತ ನಾವು ಮಾತಾಡಿಕೊಳ್ಳುತ್ತೇವೆ. ಹಾಗಲ್ಲವಂತೆ. ಅಂಗಮಾರಿಗೆ ನಾಲ್ಕೈದು ದಿನಕ್ಕೊಂದು ತಲೆಮಾರು, ಒಂದು ಹೊಲದಲ್ಲಿ ಕೋಟಿಗಟ್ಟಲೆ ಬೀಜಕಣ. ಪ್ರತಿ ಸಲ ವಂಶವಾಹಿಯ ನಕಲು ತೆಗೆಯುವಾಗ ಎಲ್ಲೋ ಒಂದು ಅಕ್ಷರ ತಪ್ಪುತ್ತದೆ. ಹೆಚ್ಚಿನ ತಪ್ಪುಗಳಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಯಾವುದೋ ಒಂದು ತಪ್ಪು ಮಾತ್ರ, ಮದ್ದು ಹೋಗಿ ಕೂರುವ ಜಾಗದಲ್ಲೇ ಆಗಿಬಿಡುತ್ತದೆ. ಮದ್ದು ಹೊಡೆದಾಗ ಉಳಿದವೆಲ್ಲ ಸತ್ತು ಅದೊಂದು ಬದುಕುತ್ತದೆ. ಮುಂದೆ ಹೊಲವೆಲ್ಲ ಅದರ ಸಂತಾನ. ಅಂದರೆ ನಾನು ಡೋಸ್ ಏರಿಸಿದ್ದರಿಂದ ಆದದ್ದಿಷ್ಟೇ: ಜಗ್ಗುವ ನಾಲ್ಕು ಬೂಷ್ಟು ಇದ್ದರೆ ಅವನ್ನೂ ಕೊಂದು, ಜಗ್ಗದ್ದಕ್ಕೆ ಜಾಗ ಬಿಡಿಸಿಕೊಟ್ಟೆ.

ಮೆಟಲಾಕ್ಸಿಲ್ ಕೂರುವುದು ಒಂದೇ ಕಡೆ, ಬೂಷ್ಟಿನ ಆರ್‌ಎನ್‌ಎ ತಯಾರಿಸುವ ಯಂತ್ರದಲ್ಲಿ. ಆ ಯಂತ್ರದ ಒಂದು ಭಾಗದಲ್ಲಿ 382ನೆಯ ಮಣಿ ಟೈರೋಸಿನ್ ಹೋಗಿ ಫಿನೈಲ್‌ಅಲನಿನ್ ಆದದ್ದನ್ನು 2014ರಲ್ಲಿ ಗುರುತಿಸಿದರು. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಆಮ್ಲಜನಕದ ಕಣ! ನನ್ನ ಒಂದೂವರೆ ಎಕರೆ ಹೋದದ್ದು ಇಂಥ ಬದಲಾವಣೆಗೆ. (ಜಗ್ಗದ ಎಲ್ಲ ತಳಿಗಳಲ್ಲೂ ಇದೇ ತಪ್ಪು ಇರಬೇಕೆಂದಿಲ್ಲ, ಬೇರೆ ದಾರಿಗಳೂ ಇವೆ.) ಮದ್ದು ಪೇಟೆಗೆ ಬಂದದ್ದು 1970ರ ದಶಕದ ಕೊನೆಗೆ. 1980ಕ್ಕೇ ಐರ್ಲೆಂಡ್, ಹಾಲೆಂಡಿನ ಆಲೂಗೆಡ್ಡೆಯಲ್ಲಿ ಸೋತಿತ್ತು. ಸ್ಟ್ರೋಬಿಲ್ಯುರಿನ್ ಗುಂಪಿನ ಮದ್ದುಗಳ ಕಥೆಯೂ ಅಷ್ಟೆ. 1996ರ ಸುಮಾರಿಗೆ ಬಂದವು, 1998ರಲ್ಲಿ ಜರ್ಮನಿಯ ಗೋಧಿಯ ಬೂದಿರೋಗ ಅವಕ್ಕೆ ಬಗ್ಗಲಿಲ್ಲ. ಅಲ್ಲೂ ಒಂದೇ ಅಕ್ಷರದ ತಪ್ಪು.

ತೀರ್ಥಹಳ್ಳಿ ಕಡೆಯ ನಮ್ಮ ಭಾವ ಇದನ್ನು ಕೇಳಿ ನಕ್ಕರು. ಅವರ ಅಡಿಕೆ ಕೊಳೆರೋಗದ ಬೂಷ್ಟು ನಮ್ಮ ಅಂಗಮಾರಿಯ ದಾಯಾದಿ, ಎರಡೂ ಫೈಟಾಫ್ತೊರಾ. ಮೈಸೂರು ಸಂಸ್ಥಾನದ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗಕ್ಕೆ ಬೋರ್ಡೋ ಹೇಳಿಕೊಟ್ಟದ್ದು. ಇಂದಿಗೂ ಅದೇ ನಡೆಯುತ್ತಿದೆ. ಮೈಲುತುತ್ತದ ತಾಮ್ರ ಒಂದು ಕಡೆ ಕೂರುವುದಿಲ್ಲ, ಬೀಜಕಣದ ಹತ್ತಾರು ಕೆಲಸ ಒಟ್ಟಿಗೆ ಕೆಡಿಸುತ್ತದೆ. ಒಂದಕ್ಷರ ಬದಲಾಯಿಸಿಕೊಂಡು ಅದರಿಂದ ತಪ್ಪಿಸಿಕೊಳ್ಳುವುದು ಕಷ್ಟ. ಮ್ಯಾಂಕೋಜೆಬ್ ಕೂಡ ಹಾಗೆಯೇ. ಆದರೆ ಇವೆರಡೂ ಎಲೆಯ ಮೇಲೆ ಮಾತ್ರ. ರೋಗ ಒಳಗೆ ಹೊಕ್ಕ ಮೇಲೆ ಹೊಡೆದರೆ ದಂಡ.

ಈಗ ನಾನು ಅರ್ಧ ಎಕರೆ ಮಾತ್ರ ಹಾಕುತ್ತೇನೆ. ಮೋಡ ಕವಿಯುವ ಮುಂಚೆಯೇ ಮ್ಯಾಂಕೋಜೆಬ್ ಇಲ್ಲವೇ ಬೋರ್ಡೋ. ಮಚ್ಚೆ ಕಂಡರೆ ಸೈಮೋಕ್ಸಾನಿಲ್ ಕೂಡಿಸಿದ್ದು ಒಂದು ಸಲ, ಮುಂದಿನ ಸಲಕ್ಕೆ ಡೈಮೆಥೊಮಾರ್ಫ್, ಮ್ಯಾಂಕೋಜೆಬ್ ಜೊತೆಗೆ. ಪೊಟ್ಟಣದ ದೊಡ್ಡಕ್ಷರ ನೋಡುವುದಿಲ್ಲ, ಸಣ್ಣಕ್ಷರದಲ್ಲಿರುವ ಒಳಹೆಸರು ಓದಿ ಪುಸ್ತಕದಲ್ಲಿ ಬರೆದಿಡುತ್ತೇನೆ. ಮೆಟಲಾಕ್ಸಿಲ್-ಎಂ ಅಂತ ಇದ್ದರೂ ಅದು ಹಳೆಯ ಮೆಟಲಾಕ್ಸಿಲ್ ಗುಂಪೇ. ಕಾರ್ಬೆಂಡಜಿಂ ಬೆರೆಸುವವರೂ ಇದ್ದಾರೆ, ಅಂಗಮಾರಿಗೆ ಅದು ಮೊದಲಿನಿಂದಲೂ ನಾಟುವುದಿಲ್ಲ.

ಅಂಗಡಿಯವನ ಬಾಕಿ 2015ರ ದೀಪಾವಳಿಗೆ ಕೊಟ್ಟೆ. ಹಳೇ ಲೆಕ್ಕದ ಪುಸ್ತಕ ತೆಗೆದು ಹೆಸರು ಹೊಡೆದುಹಾಕಿದ, ಬಡ್ಡಿ ಕೇಳಲಿಲ್ಲ. "ಯಾಕಣ್ಣಾ ಈಗ?" ಅಂದ. ಆಮ್ಲಜನಕದ ಕಥೆ ಹೇಳಿದೆ. ನಂಬಿದನೋ ಇಲ್ಲವೋ, ಕಾಫಿ ತರಿಸಿದ.

ನಿಮ್ಮ ಕಡೆ ಯಾವ ಬೆಳೆಯಲ್ಲಿ ಯಾವ ಮದ್ದು ಕೈಕೊಟ್ಟಿದೆ, ಒಳಹೆಸರು ಸಮೇತ ಪತ್ರಿಕೆಗೆ ಬರೆಯಿರಿ.