ಮಿದುಳಿನ ಹಾನಿ ಮತ್ತು ಸ್ಮೃತಿಯ ಚೇತರಿಕೆ: ಇಲಿಗಳ ಪ್ರಯೋಗಗಳು ತಿಳಿಸುವುದೇನು?

ನೆನಪು ಮಿದುಳಿನ ಯಾವ ಭಾಗದಲ್ಲಿ ನೆಲೆಸಿದೆ ಎಂಬುದು ಮನಶ್ಶಾಸ್ತ್ರದ ಹಳೆಯ ಪ್ರಶ್ನೆಗಳಲ್ಲೊಂದು. ಇದಕ್ಕೆ ಉತ್ತರ ಹುಡುಕಲೆಂದು ಅಮೆರಿಕದ ಕಾರ್ಲ್ ಲ್ಯಾಶ್ಲಿಯವರು ಇಲಿಗಳಿಗೆ ಕವಲುದಾರಿಗಳ ಜಟಿಲಪಥವನ್ನು ಕಲಿಸಿ, ಅವುಗಳ ಮಿದುಳಿನ ಹೊರಪದರದ ಬೇರೆ ಬೇರೆ ಭಾಗಗಳನ್ನು ನಾಶಪಡಿಸಿ, ಕಲಿತದ್ದು ಎಷ್ಟು ಉಳಿಯಿತೆಂದು ಪರೀಕ್ಷಿಸಿದರು. ಸ್ಮೃತಿಯ ನಷ್ಟವು ಹಾನಿಯ ಸ್ಥಾನಕ್ಕಿಂತ ಅದರ ಪ್ರಮಾಣವನ್ನು ಅವಲಂಬಿಸಿದೆ ಎಂಬುದು 1929ರ ಅವರ ಗ್ರಂಥದ ತೀರ್ಮಾನ. ಆದರೆ ಜಟಿಲಪಥವನ್ನು ಇಲಿಯು ನೋಟದಿಂದ, ವಾಸನೆಯಿಂದ, ಮೀಸೆಯ ಸ್ಪರ್ಶದಿಂದ, ದೇಹದ ಚಲನೆಯಿಂದಲೂ ಕಲಿಯಬಲ್ಲದು. ಒಂದು ಸಾಧನ ನಷ್ಟವಾದರೆ ಮತ್ತೊಂದು ಒದಗುತ್ತದೆ. ಆದುದರಿಂದ ಇಂತಹ ಪರೀಕ್ಷೆಯಿಂದ ನೆನಪಿನ ಬಗೆಗಳನ್ನು ಬೇರ್ಪಡಿಸಿ ಅರಿಯುವುದು ಕಷ್ಟ.

1957ರಲ್ಲಿ ಸ್ಕೋವಿಲ್ ಮತ್ತು ಮಿಲ್ನರ್ ಅವರು ಒಬ್ಬ ರೋಗಿಯ ವೃತ್ತಾಂತವನ್ನು ಪ್ರಕಟಿಸಿದರು. ಅಪಸ್ಮಾರದ ಚಿಕಿತ್ಸೆಗಾಗಿ ಹಿಪೊಕ್ಯಾಂಪಸ್ ಮತ್ತು ಅದರ ನೆರೆಯ ಭಾಗಗಳನ್ನು ತೆಗೆದ ಮೇಲೆ ಆತನಲ್ಲಿ ಹೊಸ ಅನುಭವಗಳ ನೆನಪು ಉಳಿಯದಾಯಿತು. ಅಲ್ಲಿಂದ ಸಂಶೋಧಕರ ಗಮನ ಆ ಭಾಗದತ್ತ ಹರಿಯಿತು.

ರಿಚರ್ಡ್ ಮಾರಿಸ್ ಮತ್ತು ಸಂಗಡಿಗರ 1982ರ ಪ್ರಯೋಗ ಈ ದೃಷ್ಟಿಯಿಂದ ಮಹತ್ವದ್ದು. ಬಿಳಿದಾಗಿಸಿದ ನೀರಿನ ಕೊಳದಲ್ಲಿ ಇಲಿಗಳನ್ನು ಬಿಟ್ಟು, ಮೇಲ್ಮೈಯಡಿ ಅಡಗಿದ ಪೀಠವನ್ನು ಹುಡುಕುವಂತೆ ಮಾಡಲಾಯಿತು. ಆರೋಗ್ಯವಂತ ಇಲಿಗಳು ಸುತ್ತಲಿನ ಗುರುತುಗಳ ನೆರವಿನಿಂದ ಅದನ್ನು ಬೇಗನೆ ಸೇರಿದವು. ಹಿಪೊಕ್ಯಾಂಪಸ್ ಹಾನಿಗೊಂಡ ಇಲಿಗಳು ಅಲೆದಾಡಿದವು. ಆದರೆ ಪೀಠ ನೀರಿನ ಮೇಲೆ ಕಾಣುವಂತಿದ್ದಾಗ ಅವೂ ನೇರವಾಗಿ ಈಜಿ ತಲುಪಿದವು. ನಷ್ಟವಾದುದು ಈಜುವ ಶಕ್ತಿಯಲ್ಲ, ಸ್ಥಳದ ಸ್ಮೃತಿ.

1990ರಲ್ಲಿ ಐಕೆನ್‌ಬಾಮ್ ಮತ್ತು ಸಹೋದ್ಯೋಗಿಗಳು ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಿಪೊಕ್ಯಾಂಪಸ್‌ನ ಪ್ರಮುಖ ನರತಂತುಗಳನ್ನು ಕಡಿದ ಇಲಿಗಳನ್ನು ಪ್ರತಿಸಲವೂ ಒಂದೇ ಅಂಚಿನಿಂದ ಬಿಟ್ಟಾಗ, ಅವು ಅಡಗಿದ ಪೀಠವನ್ನೂ ಸೇರಲು ಕಲಿತವು. ಹೊಸ ಅಂಚಿನಿಂದ ಬಿಟ್ಟಾಗ ಮಾತ್ರ ದಾರಿ ತಪ್ಪಿದವು. ಅಂದರೆ ಕಲಿಕೆ ನಡೆದಿತ್ತು, ಆದರೆ ಅದು ಹೊಸ ಸಂದರ್ಭಕ್ಕೆ ಹೊಂದಿಕೊಳ್ಳದ, ಬಿಗಿಯಾದ ಕಲಿಕೆ.

ಚೇತರಿಕೆಯ ಪ್ರಶ್ನೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಬೆಳಕು ಚೆಲ್ಲುತ್ತದೆ. ಹಿಪೊಕ್ಯಾಂಪಸ್‌ಗೆ ಹೊಂದಿಕೊಂಡ ಸಬಿಕ್ಯುಲಮ್ ಭಾಗಕ್ಕೆ ಹಾನಿಯಾದ ಇಲಿಗಳನ್ನು ಅವರು ಪ್ರಚೋದನೆಗಳಿಂದ ಸಮೃದ್ಧವಾದ ಪರಿಸರದಲ್ಲಿರಿಸಿದರು. ಆಹಾರವಿರುವ ತೋಳುಗಳನ್ನು ನೆನಪಿಟ್ಟುಕೊಳ್ಳಬೇಕಾದ ಎಂಟು ತೋಳುಗಳ ಪರೀಕ್ಷೆಯಲ್ಲಿ ಅವು ಸುಧಾರಿಸಿದವು. ಮಾರಿಸ್ ಅವರ ಕೊಳದಲ್ಲಿ ಸುಧಾರಿಸಲಿಲ್ಲ.

ಚೇತರಿಕೆಯೆಂದರೆ ಕಳೆದುದೇ ಮರಳಿ ಬರುವುದಲ್ಲ ಎಂಬುದು ಇವುಗಳಿಂದ ವಿದಿತವಾಗುತ್ತದೆ. ಉಳಿದ ಮಿದುಳು ಬೇರೊಂದು ಮಾರ್ಗದಿಂದ ಅದೇ ಗುರಿಯನ್ನು ಮುಟ್ಟಬಹುದು. ಇಲಿಯ ಫಲಿತಾಂಶವನ್ನು ಮನುಷ್ಯನಿಗೆ ನೇರವಾಗಿ ಅನ್ವಯಿಸಲಾಗದು. ಆದರೂ ಪರಿಚಿತ ಮನೆಯಲ್ಲಿ ಸರಾಗವಾಗಿ ನಡೆದಾಡುವ ರೋಗಿಯು ಅಪರಿಚಿತ ಬೀದಿಯಲ್ಲಿಯೂ ದಾರಿ ಕಾಣಬಲ್ಲನೇ ಎಂಬುದನ್ನು ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕಾಗುತ್ತದೆ. ಒಂದೇ ಪರೀಕ್ಷೆಯ ಅಂಕವನ್ನು ನಂಬಿ ಆತನನ್ನು ಗುಣಮುಖನೆಂದು ಸಾರುವುದು ಉಚಿತವಲ್ಲ.