ಬಿದ್ದಲ್ಲೇ ಅಂಟುವ ದುಡ್ಡು

ನಮ್ಮ ಬೀದಿಯ ಬೇಕರಿಯಲ್ಲಿ, ದಿಲ್‌ಪಸಂದ್ ಇಟ್ಟ ಗಾಜಿನ ಪೆಟ್ಟಿಗೆಯ ಪಕ್ಕ, ಒಂದು ಅಂಟುಹಾಳೆ ಸದಾ ಬಿಚ್ಚಿಕೊಂಡು ಬಿದ್ದಿರುತ್ತದೆ. ನೊಣ ಬಂದು ಕೂತಿತೋ, ಮುಗಿಯಿತು. ಗೇಣು ದೂರದಲ್ಲಿ ಸಕ್ಕರೆಪಾಕದ ತಟ್ಟೆ ಇದ್ದರೂ ಅದಕ್ಕೆ ಅಲ್ಲಿಗೆ ಹೋಗಲಾಗದು. ಅಮೆರಿಕದ ಸರ್ಕಾರಿ ಹಣಕಾಸಿನ ಚರಿತ್ರೆಯಲ್ಲಿ ಈ ಹಾಳೆಗೊಂದು ಜಾಗವಿದೆ. ವಾಷಿಂಗ್ಟನ್‌ನಿಂದ ಬಂದ ದುಡ್ಡನ್ನು ರಾಜ್ಯಗಳ ಶಾಸಕರು ಏನು ಮಾಡುತ್ತಾರೆ ಎಂದು ಹುಡುಕಹೊರಟವರಿಗೆ ಸಿಕ್ಕಿದ ಹೆಸರು ಇದೇ: ಫ್ಲೈಪೇಪರ್ ಎಫೆಕ್ಟ್. ಅಂಟುಹಾಳೆಯ ಪರಿಣಾಮ.

ತಮಾಷೆಯೆಂದರೆ, ದುಡ್ಡು ಅಂಟಲೇಬಾರದು ಎಂದು ಸಿದ್ಧಾಂತ ಹೇಳುತ್ತಿತ್ತು. 1971ರಲ್ಲಿ ಡೇವಿಡ್ ಬ್ರಾಡ್‌ಫೋರ್ಡ್ ಮತ್ತು ವ್ಯಾಲೆಸ್ ಓಟ್ಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅದನ್ನು ಲೆಕ್ಕ ಹಾಕಿ ತೋರಿಸಿದ್ದರು. ಒಂದು ರಾಜ್ಯದ ಸರ್ಕಾರಕ್ಕೆ ಷರತ್ತಿಲ್ಲದ ಇಡುಗಂಟು ಕೊಟ್ಟರೂ ಒಂದೇ, ಅದೇ ದುಡ್ಡನ್ನು ಅಲ್ಲಿನ ಜನರ ಕೈಗೆ ಹಂಚಿದರೂ ಒಂದೇ.

ಗೌರಿ ಹಬ್ಬಕ್ಕೆ ಅಣ್ಣ ತಂಗಿಗೆ ಎರಡು ಸಾವಿರ ಕಳಿಸುತ್ತಾನೆ, ಸೀರೆ ತಗೋ ಅಂತ. ತಂಗಿ ಸೀರೆ ತೆಗೆಯುತ್ತಾಳೆ, ನೆರೆಯವರಿಗೆ "ನಮ್ಮಣ್ಣ ಕೊಡಿಸಿದ್ದು ಕಣ್ರೀ" ಎಂದು ಸೆರಗು ಹಿಡಿದು ತೋರಿಸುತ್ತಾಳೆ. ಆದರೆ ಅಣ್ಣ ಕಳಿಸದಿದ್ದರೂ ಅವಳು ಹಬ್ಬಕ್ಕೊಂದು ಸೀರೆ ತೆಗೆಯುವವಳೇ. ಅದಕ್ಕೆಂದು ಎತ್ತಿಟ್ಟಿದ್ದ ಅವಳ ಸ್ವಂತ ಎರಡು ಸಾವಿರ ಈಗ ಉಳಿಯಿತು, ಮಗನ ಟ್ಯೂಷನ್ ಫೀಸಿಗೆ ಹೋಯಿತು. ಅಂದರೆ ಅಣ್ಣನ ದುಡ್ಡಿನಲ್ಲಿ ನಿಜವಾಗಿ ಬಂದದ್ದು ಸೀರೆಯಲ್ಲ, ಟ್ಯೂಷನ್ನು. ಸರ್ಕಾರಗಳೂ ಹೀಗೆಯೇ ನಡೆದುಕೊಳ್ಳಬೇಕು ಎಂಬುದು ವಾದ. ಅಮೆರಿಕದವರ ಸ್ವಂತ ಆದಾಯ ಒಂದು ಡಾಲರ್ ಹೆಚ್ಚಿದರೆ ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳ ಖರ್ಚು ಹೆಚ್ಚುವುದು ಐದರಿಂದ ಹತ್ತು ಸೆಂಟ್ ಅಷ್ಟೇ. ಹಾಗಾದರೆ ವಾಷಿಂಗ್ಟನ್ ಕೊಟ್ಟ ಡಾಲರ್‌ನಲ್ಲೂ ಅಷ್ಟೇ ಖರ್ಚಾಗಬೇಕು. ಮಿಕ್ಕ ತೊಂಬತ್ತು ಸೆಂಟ್ ತೆರಿಗೆ ಇಳಿಕೆಯಾಗಿ ಜನರ ಜೇಬಿಗೆ ಮರಳಬೇಕು.

ಇದನ್ನು ಅಕ್ಷರಶಃ ಮಾಡಿ ತೋರಿಸಿದ ಒಂದು ರಾಜ್ಯವೂ ಇತ್ತು. 1835ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಕಾಲಕ್ಕೆ ಅಮೆರಿಕದ ರಾಷ್ಟ್ರೀಯ ಸಾಲ ತೀರಿ, ಖಜಾನೆಯಲ್ಲಿ ದುಡ್ಡು ಮಿಗತೊಡಗಿತು. ಮರುವರ್ಷದ ಕಾಯಿದೆಯೊಂದು ಆ ಮಿಗುತಾಯವನ್ನು ನಾಲ್ಕು ಕಂತುಗಳಲ್ಲಿ ರಾಜ್ಯಗಳಿಗೆ ಕೊಡಲು ಹೊರಟಿತು. ಕಾಗದದ ಮೇಲೆ ಅದು ದಾನವಲ್ಲ, ಠೇವಣಿ. ಕೇಳಿದಾಗ ವಾಪಸು ಕೊಡಬೇಕು. ಮೂರು ಕಂತು, ಸುಮಾರು 2.8 ಕೋಟಿ ಡಾಲರ್, ಹೋಗುವಷ್ಟರಲ್ಲಿ 1837ರ ಹಣಕಾಸಿನ ಕುಸಿತ ಬಂದು ನಾಲ್ಕನೆಯದು ನಿಂತಿತು. ಕೆಲವು ರಾಜ್ಯಗಳು ಶಾಲಾ ನಿಧಿಗೆ ಹಾಕಿದವು, ಮ್ಯಾಸಚೂಸೆಟ್ಸ್ ಊರೂರಿನ ಆಡಳಿತಕ್ಕೆ ಹಂಚಿತು. ಮೈನ್ ರಾಜ್ಯದ ಶಾಸಕರು ಮಾತ್ರ ತಲೆಗಿಷ್ಟು ಎಂದು ಎಣಿಸಿ ಜನರಿಗೇ ಕೊಡುವ ದಾರಿ ಹಿಡಿದರು. ಠೇವಣಿಯನ್ನು ಯಾರೂ ವಾಪಸು ಕೇಳಲಿಲ್ಲ, ಯಾರೂ ಕೊಡಲೂ ಇಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಆದರೆ ಮೈನ್ ಒಂದು ಅಪವಾದ. ಷರತ್ತಿಲ್ಲದ ದುಡ್ಡಿನ ಪ್ರಶ್ನೆ ದೊಡ್ಡದಾಗಿ ಎದ್ದದ್ದು 1972ರಲ್ಲಿ. ಆ ಅಕ್ಟೋಬರ್ 20ರಂದು ಫಿಲಡೆಲ್ಫಿಯಾದ ಇಂಡಿಪೆಂಡೆನ್ಸ್ ಹಾಲ್‌ನಲ್ಲಿ ಕೂತು ಅಧ್ಯಕ್ಷ ನಿಕ್ಸನ್ ಆದಾಯ ಹಂಚಿಕೆಯ ಕಾಯಿದೆಗೆ ಸಹಿ ಹಾಕಿದರು. ಐದು ವರ್ಷಗಳಲ್ಲಿ 3,020 ಕೋಟಿ ಡಾಲರ್. ಮೂರರಲ್ಲಿ ಒಂದು ಪಾಲು ರಾಜ್ಯಗಳಿಗೆ, ಎರಡು ಪಾಲು ಪಟ್ಟಣ, ಕೌಂಟಿಗಳಿಗೆ. ಷರತ್ತು ಹೆಚ್ಚೇನಿಲ್ಲ.

ಎಡ್ವರ್ಡ್ ಗ್ರಾಮ್ಲಿಕ್ ಆಗ ಮೂವತ್ತು ದಾಟಿದ ಅರ್ಥಶಾಸ್ತ್ರಜ್ಞ. ರಾಜ್ಯಗಳ, ನಗರಗಳ ಬಜೆಟ್ ಅಂಕಿಗಳನ್ನು ಮುಂದಿಟ್ಟುಕೊಂಡು ಹಾರ್ವಿ ಗ್ಯಾಲ್ಪರ್ ಜೊತೆ 1973ರಲ್ಲಿ ಲೆಕ್ಕ ತೆಗೆದರು. ಸಿದ್ಧಾಂತ ಹೇಳಿದ ಹತ್ತು ಸೆಂಟ್ ಎಲ್ಲಿ, ಅಂಕಿಗಳು ತೋರಿಸಿದ್ದೆಲ್ಲಿ! ನೆರವಿನ ದುಡ್ಡು ತೆರಿಗೆದಾರನ ಜೇಬಿಗೆ ಹೋಗುವ ಬದಲು ಸರ್ಕಾರದ ಖರ್ಚಿನಲ್ಲೇ ಉಳಿದಿತ್ತು. ಆಮೇಲೆ ಬಂದ ಅಧ್ಯಯನಗಳನ್ನು 1995ರಲ್ಲಿ ಜೇಮ್ಸ್ ಹೈನ್ಸ್ ಮತ್ತು ರಿಚರ್ಡ್ ಥೇಲರ್ ಒಟ್ಟುಮಾಡಿದಾಗ ಡಾಲರ್‌ಗೆ 25 ಸೆಂಟ್‌ನಿಂದ ಹಿಡಿದು ಇಡೀ ಡಾಲರಿನವರೆಗೂ ಅಂದಾಜುಗಳಿದ್ದವು.

ಗ್ರಾಮ್ಲಿಕ್ ಕಂಡದ್ದಕ್ಕೆ ಹೆಸರಿಟ್ಟವರು ಆರ್ಥರ್ ಓಕನ್. ಅಧ್ಯಕ್ಷ ಜಾನ್ಸನ್‌ಗೆ ಆರ್ಥಿಕ ಸಲಹೆಗಾರರ ಮುಖ್ಯಸ್ಥರಾಗಿದ್ದವರು. ಗಹನ ವಿಷಯವನ್ನು ಮನೆಸಾಮಾನಿನಲ್ಲಿ ಹೇಳುವ ಚಾಳಿ. ಬಡವರಿಗೆಂದು ಎತ್ತಿದ ದುಡ್ಡು ದಾರಿಯಲ್ಲಿ ಸೋರುವುದನ್ನು ತೂತುಬಿದ್ದ ಬಕೆಟ್ಟಿಗೆ ಹೋಲಿಸಿದವರೂ ಅವರೇ. ಗ್ರಾಮ್ಲಿಕ್‌ರ ಫಲಿತಾಂಶ ಕಂಡು, ದುಡ್ಡು ಬಿದ್ದಲ್ಲೇ ಅಂಟುತ್ತದಲ್ಲ, ಇದು ಫ್ಲೈಪೇಪರ್ ಎಂದರು. ಹೆಸರೂ ಅಂಟಿಕೊಂಡಿತು.

ಯಾಕೆ ಅಂಟುತ್ತದೆ? ಒಂದು ಉತ್ತರ ಆರೆಗನ್ ರಾಜ್ಯದಿಂದ ಬಂತು. ಅಲ್ಲಿ ಶಾಲಾ ಜಿಲ್ಲೆಗಳ ಬಜೆಟ್ಟಿಗೆ ಊರವರೇ ಮತ ಹಾಕುತ್ತಿದ್ದರು. ಆ ಮತದಾನವನ್ನು ಕೆದಕಿ 1982ರಲ್ಲಿ ಮೂವರು ಸಂಶೋಧಕರು ತೋರಿಸಿದ್ದೇನೆಂದರೆ, ಮೇಲಿನಿಂದ ಎಷ್ಟು ನೆರವು ಬಂದಿದೆ ಎಂಬ ಅಂದಾಜೇ ಇಲ್ಲದವರಂತೆ ಮತದಾರರು ಮತ ಹಾಕುತ್ತಿದ್ದರು. ಅಣ್ಣ ದುಡ್ಡು ಕಳಿಸಿದ್ದು ಗಂಡನಿಗೆ ಗೊತ್ತಿಲ್ಲದಿದ್ದರೆ ಅವನು ಟ್ಯೂಷನ್ ಫೀಸು ಕೇಳುವುದಾದರೂ ಹೇಗೆ? ಥೇಲರ್ ಕೊಟ್ಟ ಉತ್ತರ ಇನ್ನೂ ಸರಳ: ಮನುಷ್ಯರು ಮನಸ್ಸಿನಲ್ಲೇ ಡಬ್ಬಿಗಳನ್ನು ಇಟ್ಟುಕೊಂಡಿರುತ್ತಾರೆ. ಸಾಸಿವೆ ಡಬ್ಬಿಯ ದುಡ್ಡನ್ನು ಬೇಳೆಗೆ ತೆಗೆಯುವಾಗ ನಮ್ಮ ಅಜ್ಜಿಯರ ಕೈ ಹಿಂದೆಗೆಯುತ್ತಿತ್ತಲ್ಲ, ಶಾಸಕರ ಕೈಯೂ ಹಾಗೆಯೇ.

ಕತೆ ಇಲ್ಲಿಗೇ ಮುಗಿಯುತ್ತಿತ್ತೇನೋ. ಅದನ್ನು ಕೆಡಿಸಿದವರಲ್ಲಿ ಮೊದಲಿಗರು ಸ್ವತಃ ಗ್ರಾಮ್ಲಿಕ್. ನನಗೆ ಈ ಮನುಷ್ಯನ ಮೇಲೆ ಗೌರವ ಹುಟ್ಟುವುದೂ ಇಲ್ಲೇ. ಎಪ್ಪತ್ತರ ದಶಕದ ಮಧ್ಯದ ಹಿಂಜರಿತದ ನಂತರ, ಆರ್ಥಿಕತೆಯನ್ನು ಎಬ್ಬಿಸಲೆಂದು ವಾಷಿಂಗ್ಟನ್ ರಾಜ್ಯಗಳಿಗೂ ನಗರಗಳಿಗೂ ಒಮ್ಮೆಗೇ ಹಣ ಸುರಿಯಿತು. 1978ರಲ್ಲಿ ಗ್ರಾಮ್ಲಿಕ್ ಮತ್ತೆ ಬಜೆಟ್ಟುಗಳನ್ನು ಬಿಚ್ಚಿದರು. ಲೇಖನದ ಶೀರ್ಷಿಕೆಯೇ ಮಳೆ ಬಂದ ಮರುದಿನದ ಬಜೆಟ್ಟುಗಳ ಬಗ್ಗೆ, ಇಷ್ಟೊಂದು ದುಡ್ಡು ಮಿಕ್ಕಿದ್ದೇಕೆ ಎಂದು ಕೇಳುವಂಥದ್ದು. ಹೌದು, ಮಿಕ್ಕಿತ್ತು. ಖರ್ಚಾಗಲೆಂದು ಕೊಟ್ಟದ್ದರಲ್ಲಿ ಬಹುಪಾಲು ಬೊಕ್ಕಸದಲ್ಲಿ ಕೂತಿತ್ತು. ಕಾಮಗಾರಿಗಳ ಕತೆ ಇನ್ನೂ ವಿಚಿತ್ರ. 1976ರಲ್ಲಿ ಅವಕ್ಕೆಂದು ಇಟ್ಟಿದ್ದ 200 ಕೋಟಿ ಡಾಲರ್‌ಗೆ ಅದರ ಹಲವು ಪಟ್ಟು ಬೇಡಿಕೆಯ ಅರ್ಜಿಗಳು ಬಂದವು. ಅರ್ಜಿ ಹಾಕಿದ ಊರುಗಳು ತಮ್ಮ ದುಡ್ಡಿನಲ್ಲಿ ಕಟ್ಟಬೇಕೆಂದಿದ್ದ ಕಟ್ಟಡಗಳನ್ನೂ ನಿಲ್ಲಿಸಿದವು. ವಾಷಿಂಗ್ಟನ್ ಕೊಟ್ಟರೆ ನಾವೇಕೆ ಹಾಕಬೇಕು? ಕೆಲಸ ಹುಟ್ಟಿಸಲು ಬಂದ ಯೋಜನೆ ಇದ್ದ ಕೆಲಸವನ್ನೂ ಸ್ವಲ್ಪ ಕಾಲ ತಡೆದಿತ್ತು.

ಎರಡನೆಯ ಪೆಟ್ಟು ಕೊಟ್ಟವರು ಬ್ರಯನ್ ನೈಟ್, 2002ರಲ್ಲಿ, ಹೆದ್ದಾರಿ ನೆರವಿನ ಮೇಲಿನ ಅಧ್ಯಯನದಿಂದ. ಪ್ರಶ್ನೆ ಚಿಕ್ಕದು. ರಸ್ತೆಯ ಹುಚ್ಚಿರುವ ರಾಜ್ಯ ತನ್ನ ದುಡ್ಡನ್ನೂ ರಸ್ತೆಗೆ ಸುರಿಯುತ್ತದೆ, ವಾಷಿಂಗ್ಟನ್‌ನಲ್ಲಿ ಹಟ ಹಿಡಿದು ರಸ್ತೆಯ ನೆರವನ್ನೂ ತರುತ್ತದೆ. ಎರಡೂ ಜೊತೆಗೆ ಏರಿದ್ದು ಕಂಡು ನೆರವು ಅಂಟಿತು ಎನ್ನುವುದು, ಕೊಡೆ ಹಿಡಿದವರನ್ನು ಕಂಡು ಕೊಡೆಯಿಂದ ಮಳೆ ಬಂತು ಎಂದಂತೆ. ಹಾಗಾಗಿ ಅವರು ಬೇರೆ ಎಳೆ ಹಿಡಿದರು: ಸಾರಿಗೆ ಸಮಿತಿಗಳಂಥ ಕಡೆ ರಾಜ್ಯದ ಸಂಸದರಿಗೆ ಎಷ್ಟು ಬಲವಿತ್ತು, ಆ ಬಲದಿಂದ ಬಂದ ನೆರವೆಷ್ಟು. ಹೀಗೆ ಅಳೆದಾಗ ಅಂಟು ಹೆಚ್ಚುಕಡಿಮೆ ಮಾಯ. ಫೆಡರಲ್ ದುಡ್ಡು ಬಂದಷ್ಟೂ ರಾಜ್ಯಗಳು ತಮ್ಮದನ್ನು ಹಿಂದಕ್ಕೆ ಎಳೆದುಕೊಂಡಿದ್ದವು. ಸೀರೆ ಮತ್ತೆ ಟ್ಯೂಷನ್ ಆಗಿತ್ತು.

ಹೀಗಿರುವಾಗ 2009 ಬಂತು, 78,700 ಕೋಟಿ ಡಾಲರಿನ ಉತ್ತೇಜನ ಕಾಯಿದೆಯೊಂದಿಗೆ. ಅದರಲ್ಲಿ ಹೆದ್ದಾರಿಗೆ 2,750 ಕೋಟಿ. ಹಳೆಯ ಪಾಠ ಕಲಿತವರು ಬರೆದ ಕಾಯಿದೆ ಎಂದು ಓದಿದ ಕೂಡಲೇ ಗೊತ್ತಾಗುತ್ತದೆ: ರಾಜ್ಯ ತಾನು ಮಾಡಬೇಕೆಂದಿದ್ದ ರಸ್ತೆ ಖರ್ಚನ್ನು ಕಡಿತ ಮಾಡುವುದಿಲ್ಲ ಎಂದು ಗವರ್ನರ್ ಬರೆದುಕೊಡಬೇಕು, ರಾಜ್ಯದ ಪಾಲಿನ ಅರ್ಧವನ್ನು 120 ದಿನಗಳಲ್ಲಿ ಕಾಮಗಾರಿಗಳಿಗೆ ಒಪ್ಪಿಸದಿದ್ದರೆ ಆ ಅರ್ಧದಲ್ಲಿ ಮಿಕ್ಕದ್ದು ಬೇರೆ ರಾಜ್ಯಕ್ಕೆ. ಗಡುವು ಹತ್ತಿರವಿದ್ದರೆ ಯಾರು ಹೊಸ ಸೇತುವೆಗೆ ನಕ್ಷೆ ಬರೆಸುತ್ತಾರೆ? ಬಹಳಷ್ಟು ದುಡ್ಡು ಇದ್ದ ರಸ್ತೆಗಳ ಮೇಲೆ ಡಾಂಬರಾಗಿ ಬಿತ್ತು. ಸಿಲ್ವೆನ್ ಲೆಡ್ಯೂಕ್ ಮತ್ತು ಡೇನಿಯಲ್ ವಿಲ್ಸನ್ ಆ ಹೆದ್ದಾರಿ ದುಡ್ಡನ್ನೇ ಅಳೆದಾಗ ಅಂಟು ಗಟ್ಟಿಯಾಗಿತ್ತು, ಒಂದು ಡಾಲರ್ ನೆರವಿಗೆ ಒಂದು ಡಾಲರಿಗಿಂತ ಹೆಚ್ಚೇ ಖರ್ಚು. ಕಾಮಗಾರಿ ವಲಯದಿಂದ ಶಾಸಕರಿಗೆ ಹೆಚ್ಚು ಚುನಾವಣಾ ದೇಣಿಗೆ ಹರಿದ ರಾಜ್ಯಗಳಲ್ಲಿ ಇನ್ನೂ ಗಟ್ಟಿ ಎಂಬುದನ್ನೂ ಅವರು ಬರೆದರು. ಗುತ್ತಿಗೆದಾರರ ನಾಡಿನ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ ಕಾಯಿದೆಯ ಬೇರೆ ದುಡ್ಡನ್ನು ನೋಡಿದ ಜಾನ್ ಕೋಗನ್, ಜಾನ್ ಟೇಲರ್ ಜೋಡಿಗೆ ಕಂಡದ್ದು ಇನ್ನೊಂದು: ರಾಜ್ಯಗಳು ಕೊಳ್ಳುವುದನ್ನು ಹೆಚ್ಚಿಸಲಿಲ್ಲ, ಸಾಲ ಎತ್ತುವುದನ್ನು ಕಡಿಮೆ ಮಾಡಿದವು. ಮೆಡಿಕೇಡ್ ಎಂಬ ಬಡವರ ಆರೋಗ್ಯ ಯೋಜನೆಯ ಮೂಲಕ ಹೋದ ದುಡ್ಡನ್ನು ಹಿಂಬಾಲಿಸಿದ ಗೇಬ್ರಿಯಲ್ ಚೊಡೊರೋವ್-ರೈಕ್ ಮತ್ತು ಜೊತೆಗಾರರು ಮಾತ್ರ, ಒಂದು ಲಕ್ಷ ಡಾಲರಿಗೆ ಒಂದು ವರ್ಷದ ಲೆಕ್ಕದಲ್ಲಿ 3.8 ಉದ್ಯೋಗಗಳು ಬಂದವು ಎಂದು 2012ರಲ್ಲಿ ತೋರಿಸಿದರು. ನೆರವು ಬಾರದಿದ್ದರೆ ರಾಜ್ಯಗಳು ಶಿಕ್ಷಕರನ್ನೋ ದಾದಿಯರನ್ನೋ ಮನೆಗೆ ಕಳಿಸುತ್ತಿದ್ದವೇ ಎಂಬುದರ ಮೇಲೆ ಎಲ್ಲ ನಿಂತಿದೆ. ಅಮೆರಿಕದ ಹೆಚ್ಚುಕಡಿಮೆ ಎಲ್ಲ ರಾಜ್ಯಗಳೂ ಬಜೆಟ್ಟನ್ನು ಸರಿದೂಗಿಸಲೇಬೇಕು. ತೆರಿಗೆ ಕುಸಿದ ವರ್ಷ ಕತ್ತರಿ ಆಡಿಸಲೇಬೇಕು. ನಿಂತ ಕತ್ತರಿ ಬಜೆಟ್ ಪುಸ್ತಕದಲ್ಲಿ ಕಾಣುವುದಿಲ್ಲ.

ಈ ಜಗಳ ಸೌತ್ ಕ್ಯಾರೊಲಿನಾದಲ್ಲಿ ಕೋರ್ಟಿನವರೆಗೂ ಹೋಯಿತು. ಗವರ್ನರ್ ಮಾರ್ಕ್ ಸ್ಯಾನ್‌ಫೋರ್ಡ್ 70 ಕೋಟಿ ಡಾಲರ್‌ನಷ್ಟು ಉತ್ತೇಜನ ಹಣವನ್ನು, ಅದರಷ್ಟೇ ಸಾಲ ತೀರಿಸಲು ಬಿಡದ ಹೊರತು, ಕೇಳುವುದೇ ಇಲ್ಲ ಎಂದು ಕೂತರು. ಅವರ ವಾದದಲ್ಲಿ ಹುರುಳಿರಲಿಲ್ಲ ಎನ್ನಲಾರೆ. ದಾನವಾಗಿ ಬಂದ ಆನೆಗೂ ನಾಳೆಯಿಂದ ಮೇವು ಹಾಕಬೇಕಾದವರು ನಾವೇ. ಎರಡು ವರ್ಷಕ್ಕೆ ಬಂದ ದುಡ್ಡಿನಲ್ಲಿ ಸಂಬಳ ಕೊಟ್ಟರೆ ಮೂರನೆಯ ವರ್ಷ? ಆದರೆ ಶಾಸನಸಭೆ ಅವರ ವೀಟೊವನ್ನು ಮೀರಿ ಆ ಹಣವನ್ನು ಬಜೆಟ್ಟಿಗೆ ಸೇರಿಸಿತ್ತು. 2009ರ ಜೂನ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಅರ್ಜಿ ಹಾಕಿ ಎಂದು ಗವರ್ನರಿಗೆ ಆದೇಶಿಸಿತು.

ಆಮೇಲೆ 2021. ಕೋವಿಡ್ ಕಾಲದಲ್ಲಿ ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳಿಗೆ 35,000 ಕೋಟಿ ಡಾಲರ್. ಸಿದ್ಧಾಂತದ ತೊಂಬತ್ತು ಸೆಂಟ್ ಜಾರುವ ದಾರಿಗಳನ್ನು ಸಂಸತ್ತು ಹೆಸರು ಹಿಡಿದು ಮುಚ್ಚಿತ್ತು: ಈ ದುಡ್ಡಿನ ಬಲದಿಂದ ತೆರಿಗೆ ಇಳಿಸುವಂತಿಲ್ಲ, ಪಿಂಚಣಿ ನಿಧಿಗೆ ಹಾಕುವಂತಿಲ್ಲ. ತೆರಿಗೆಯ ಷರತ್ತಿನ ಮೇಲೆ ಹಲವು ರಾಜ್ಯಗಳು ಕೋರ್ಟಿಗೆ ಹೋದವು. ಆದರೆ ಒಂದು ಬಾಗಿಲು ತೆರೆದೇ ಇತ್ತು. ಸೋಂಕಿನಿಂದ ಕಳೆದುಕೊಂಡ ಆದಾಯವನ್ನು ತುಂಬಿಕೊಳ್ಳುವ ಲೆಕ್ಕದಲ್ಲಿ ತೆಗೆದದ್ದನ್ನು ಸರ್ಕಾರದ ಹೆಚ್ಚುಕಡಿಮೆ ಯಾವ ಕೆಲಸಕ್ಕೂ ಬಳಸಬಹುದಿತ್ತು.

ಆ ಬಾಗಿಲಿನಿಂದ ಅಲಬಾಮಾ ಒಳಬಂತು. 2021ರ ಸೆಪ್ಟೆಂಬರ್ ಕೊನೆಯಲ್ಲಿ ವಿಶೇಷ ಅಧಿವೇಶನ ಸೇರಿ, ತನ್ನ ಪಾಲಿನಲ್ಲಿ 40 ಕೋಟಿ ಡಾಲರನ್ನು ಜೈಲುಗಳಿಗೆ ಎತ್ತಿಟ್ಟಿತು. ಗವರ್ನರ್ ಕೇ ಐವಿ ಅಕ್ಟೋಬರ್ 1ರಂದು ಸಹಿ ಹಾಕಿದರು. ಎಲ್ಮೋರ್ ಮತ್ತು ಎಸ್ಕಾಂಬಿಯಾ ಕೌಂಟಿಗಳಲ್ಲಿ ತಲಾ 4,000 ಕೈದಿಗಳ ಎರಡು ಜೈಲುಗಳು. ಇದನ್ನು ತಡೆಯಿರಿ ಎಂದು ನ್ಯೂಯಾರ್ಕಿನ ಸಂಸದ ಜೆರಾಲ್ಡ್ ನ್ಯಾಡ್ಲರ್ ಖಜಾನೆ ಇಲಾಖೆಗೆ ಪತ್ರ ಬರೆದರು. ಸೋಂಕಿನ ಪರಿಹಾರದ ದುಡ್ಡಿನಲ್ಲಿ ಜೈಲೇ ಎಂಬ ಕೂಗೆದ್ದಿತು. ಆದರೆ ಅಲಬಾಮಾ ವರ್ಷಗಳಿಂದ ಹೊಸ ಜೈಲು ಕಟ್ಟುತ್ತೇನೆ ಎನ್ನುತ್ತಲೇ ಇತ್ತು. ಕಿಕ್ಕಿರಿದ, ಹಿಂಸೆಯ ಜೈಲುಗಳ ಬಗ್ಗೆ ಫೆಡರಲ್ ನ್ಯಾಯಾಂಗ ಇಲಾಖೆಯೇ 2020ರಲ್ಲಿ ರಾಜ್ಯದ ಮೇಲೆ ದಾವೆ ಹೂಡಿತ್ತು. ಅದೇ ಅಧಿವೇಶನದಲ್ಲಿ ಜೈಲಿಗೆಂದೇ 78.5 ಕೋಟಿ ಡಾಲರ್ ಬಾಂಡ್ ಸಾಲಕ್ಕೂ ಒಪ್ಪಿಗೆ ಸಿಕ್ಕಿತ್ತು. ಪರಿಹಾರದ ದುಡ್ಡು ಬಾರದಿದ್ದರೆ ಆ ಸಾಲ 40 ಕೋಟಿ ಹೆಚ್ಚಾಗುತ್ತಿತ್ತೋ, ಜೈಲು ಚಿಕ್ಕದಾಗುತ್ತಿತ್ತೋ? ಎಲ್ಮೋರ್‌ನಲ್ಲಿ ಎದ್ದ ಆ ಗೋಡೆಗಳಲ್ಲಿ ಯಾವ ಇಟ್ಟಿಗೆ ಅಣ್ಣ ಕೊಡಿಸಿದ್ದು ಎಂದು ಬೆರಳಿಟ್ಟು ತೋರಿಸುವವರು ಯಾರು?