ಕಾಶಿಯಲ್ಲಿ ಒಂದೂವರೆ ದಿನ

ಪರಪ್ರಾಂತಗಳಲ್ಲಿಯೂ ಪರದೇಶಗಳಲ್ಲಿಯೂ ನೆಲೆಸಿರುವ ನಮ್ಮ ಕನ್ನಡ ಸಂಸಾರಗಳಿಗೆ ಊರಿನ ರಜೆಯೆಂದರೆ ಮೂರು ವಾರ, ಹೆಚ್ಚೆಂದರೆ ನಾಲ್ಕು. ಮದುವೆ, ಮುಂಜಿ, ಗೃಹಪ್ರವೇಶ, ನೆಂಟರ ಮನೆಯ ಊಟ ಇವೆಲ್ಲ ಕಳೆದು ಉಳಿಯುವ ದಿನಗಳನ್ನು ಬೆರಳಲ್ಲಿ ಎಣಿಸಬಹುದು. "ಈ ಸಲವಾದರೂ ಕಾಶಿ ತೋರಿಸಪ್ಪಾ" ಎಂದು ತಾಯಿ ಕೇಳಿದರೆ, ಮಗನು ದೆಹಲಿಗೋ ಕಲ್ಕತ್ತೆಗೋ ಹೋಗುವ ದಾರಿಯಲ್ಲಿ ಒಂದೂವರೆ ದಿನವನ್ನು ಹೇಗೋ ಹೊಂದಿಸುತ್ತಾನೆ. ಲಂಡನ್ನಿನಲ್ಲೋ ಪ್ಯಾರಿಸ್ಸಿನಲ್ಲೋ ವಿಮಾನ ಬದಲಾಯಿಸುವ ನಡುವೆ ಸಿಕ್ಕಿದ ಒಂದು ಹಗಲಿನಲ್ಲಿ ನಕ್ಷೆ ಹಿಡಿದು ಅರ್ಧ ಊರನ್ನು ನೋಡಿಬಂದವರು, ಕಾಶಿಯನ್ನೂ ಹಾಗೆಯೇ ಮುಗಿಸಬಹುದೆಂದು ಎಣಿಸುತ್ತಾರೆ. ಅಲ್ಲಿ ನೋಡುವುದೊಂದೇ ಕೆಲಸ. ಇಲ್ಲಿಯಾದರೋ ಒಬ್ಬರಿಗೆ ಸ್ನಾನ, ಒಬ್ಬರಿಗೆ ಶ್ರಾದ್ಧ, ಒಬ್ಬರಿಗೆ ಸೀರೆ, ಮಕ್ಕಳಿಗೆ ದೋಣಿ.

ಹೀಗೆ ಬರುವ ಸಂಸಾರಗಳನ್ನು ಗೋದೌಲಿಯಾದ ಪಕ್ಕದಲ್ಲಿಯೇ ಮನೆ ಮಾಡಿಕೊಂಡಿರುವ ನಾನು ಅನೇಕ ವರ್ಷಗಳಿಂದ ಎದುರುಗೊಳ್ಳುತ್ತಿದ್ದೇನೆ. ಅವರು ಕೇಳುವ ಮೊದಲ ಪ್ರಶ್ನೆ "ಏನೇನು ನೋಡಬೇಕು?" ಎಂಬುದು. ನಾನು ತಿರುಗಿ ಕೇಳುವುದು, "ಈ ಪ್ರಯಾಣ ಯಾರಿಗಾಗಿ?" ಎಂದು. ಇದಕ್ಕೆ ಉತ್ತರ ಸಿಕ್ಕಿದರೆ ಮಿಕ್ಕ ಏರ್ಪಾಟೆಲ್ಲ ಸುಲಭ.

ಮೊದಲು ಇಳಿಯುವ ಜಾಗದ ಮಾತು. ಟಿಕೇಟಿನ ಮೇಲೆ ಯಾವ ನಿಲ್ದಾಣದ ಹೆಸರಿದೆಯೆಂದು ಮನೆಯಲ್ಲಿಯೇ ಎರಡು ಸಲ ಓದಿಕೊಳ್ಳಿ. ವಾರಾಣಸಿ ಜಂಕ್ಷನ್ ಒಂದು. ಅದನ್ನೇ ಇಲ್ಲಿಯವರು ಕ್ಯಾಂಟ್ ಎನ್ನುವುದು. ಮೊದಲು ಮಂಡುವಾಡೀಹ್ ಎಂದಿದ್ದು 2021ರಲ್ಲಿ ಬನಾರಸ್ ಎಂದು ಹೆಸರಾದದ್ದು ಇನ್ನೊಂದು. ವಾರಾಣಸಿ ಸಿಟಿ, ಕಾಶಿ ಎಂಬ ನಿಲ್ದಾಣಗಳೂ ಬೇರೆ ಬೇರೆ ಇವೆ. ಮೈಸೂರಿನಿಂದ ವಾರಾಣಸಿಗೇ ಬರುವ ರೈಲು ಉಂಟು. ಆದರೆ ಬೆಂಗಳೂರಿನ ಸಂಘಮಿತ್ರಾದಲ್ಲಿ ಬರುವವರು ಇಳಿಯಬೇಕಾದದ್ದು ಹೊಳೆಯ ಆಚೆ, ಹಿಂದಿನ ಮೊಗಲ್‌ಸರಾಯಿಯಲ್ಲಿ. 2018ರಿಂದ ಅದಕ್ಕೆ ಪಂಡಿತ ದೀನದಯಾಳ್ ಉಪಾಧ್ಯಾಯರ ಹೆಸರು. ಅಲ್ಲಿಂದ ಊರೊಳಗೆ ಬರಲು ಸೇತುವೆಯ ಮೇಲಿನ ಸಂದಣಿಯೂ ಸೇರಿ ಒಂದು ಗಂಟೆಗೆ ಕಡಿಮೆಯಿಲ್ಲವೆಂದು ಇಟ್ಟುಕೊಳ್ಳಿ. ವಿಮಾನದಲ್ಲಿ ಬಂದರೆ ಬಾಬತ್‌ಪುರದಿಂದಲೂ ಇಪ್ಪತ್ತೈದು ಕಿಲೋಮೀಟರಿನ ಹಾದಿಯಿದೆ. ಡಿಸೆಂಬರ್, ಜನವರಿಗಳಲ್ಲಿ ಮಂಜು ಕವಿದು ರೈಲು ಐದಾರು ಗಂಟೆ ತಡವಾಗುವುದು ಇಲ್ಲಿ ಸುದ್ದಿಯೇ ಅಲ್ಲ. ಆದಕಾರಣ ಆ ತಿಂಗಳುಗಳಲ್ಲಿ, ಕಾಶಿಯಿಂದ ಮುಂದೆ ಹೋಗಿ ಪರದೇಶದ ವಿಮಾನ ಹಿಡಿಯಬೇಕಾದವರು ನಡುವೆ ಒಂದು ಪೂರ್ತಿ ದಿನವನ್ನಾದರೂ ಬಿಟ್ಟಿರತಕ್ಕದ್ದು.

ತಂಗುವುದು ಎಲ್ಲಿ? ಕ್ಯಾಂಟ್ ಕಡೆಯ ಹೋಟೆಲುಗಳು ವಿಶಾಲವಾಗಿಯೂ ಶಾಂತವಾಗಿಯೂ ಇವೆ, ನಿಜ. ಆದರೆ ಒಂದೂವರೆ ದಿನದಲ್ಲಿ ಗಂಗೆಗೆ ಮೂರು ಸಲ ಹೋಗಿಬರುವವರಿಗೆ ಆ ವಿಶಾಲದಿಂದ ಪ್ರಯೋಜನವಿಲ್ಲ. ಅರ್ಧ ಆಯುಷ್ಯವೆಲ್ಲ ಆಟೋದಲ್ಲಿಯೇ ಕಳೆಯುತ್ತದೆ. ಗೋದೌಲಿಯಾ ಎಂಬುದು ನಾಲ್ಕು ದಾರಿ ಕೂಡುವ ಚೌಕ. ಇಲ್ಲೊಂದು ಕಾಲದಲ್ಲಿ ಮಳೆಗಾಲದ ತೊರೆಯೊಂದು ಹರಿಯುತ್ತಿತ್ತಂತೆ, ಅದರ ಹೆಸರು ಗೋದಾವರಿ, ಆ ಹೆಸರೇ ಸವೆದು ಗೋದೌಲಿಯಾ ಆಯಿತೆನ್ನುತ್ತಾರೆ. ಈಗ ಚೌಕದಲ್ಲಿ ಕಂಬದ ಮೇಲೆ ನಂದಿ ಕುಳಿತಿದ್ದಾನೆ, ನಮ್ಮ ಕಡೆಯ ಅಜ್ಜಿಯಂದಿರು "ಬಸವಣ್ಣ ಇಲ್ಲೇ ಇದ್ದಾನಲ್ಲ!" ಎಂದು ರಸ್ತೆಯ ನಡುವೆಯೇ ಕೈಮುಗಿಯುವುದನ್ನು ಕಂಡಿದ್ದೇನೆ. ಇಲ್ಲಿಂದ ಪೂರ್ವಕ್ಕೆ ಹತ್ತು ಹನ್ನೆರಡು ನಿಮಿಷ ನಡೆದರೆ ದಶಾಶ್ವಮೇಧ ಘಾಟ್, ಎಡಕ್ಕೆ ತಿರುಗಿದರೆ ವಿಶ್ವನಾಥನ ಗುಡಿಯ ಓಣಿಗಳು. ಚೌಕದಿಂದ ಹೊಳೆಯ ಕಡೆಗೆ ವಾಹನಗಳಿಗೆ ಬಹು ಹೊತ್ತು ತಡೆಯಿರುವುದರಿಂದ ನಡೆಯಲೇಬೇಕು. ಕ್ಯಾಂಟ್ ನಿಲ್ದಾಣದಿಂದ ಇಲ್ಲಿಯವರೆಗೆ ತಂತಿಯ ಮೇಲೆ ತೂಗುವ ರೋಪ್‌ವೇಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಯಿತು. ನೀವು ಬರುವ ದಿನ ಅದರಲ್ಲಿ ಜನ ಓಡಾಡುತ್ತಿದ್ದಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಚೌಕದಿಂದ ದಕ್ಷಿಣಕ್ಕೆ ಹೊರಟರೆ ನಮ್ಮವರ ಕಾಶಿ ಆರಂಭವಾಗುತ್ತದೆ. ಐದು ನಿಮಿಷದ ದಾರಿಯಲ್ಲಿಯೇ ಜಂಗಮವಾಡಿ ಮಠ, ವೀರಶೈವರ ಪಂಚಪೀಠಗಳಲ್ಲಿ ಕಾಶೀಪೀಠ. ಒಳಗೆ ಹೊಕ್ಕರೆ ಕನ್ನಡ ಕಿವಿಗೆ ಬೀಳುತ್ತದೆ. ತೀರಿಹೋದ ಹಿರಿಯರ ಹೆಸರಿನಲ್ಲಿ ಮನೆತನಗಳು ಪ್ರತಿಷ್ಠಾಪಿಸಿದ ಲಿಂಗಗಳು ಲೆಕ್ಕವಿಲ್ಲದಷ್ಟು ಅಲ್ಲಿವೆ. ಮೊಗಲ್ ಬಾದಶಹರು ಕೊಟ್ಟ ಫರ್ಮಾನುಗಳು ಮಠದ ಬಳಿಯಿವೆ. ಅವುಗಳಲ್ಲಿ ಔರಂಗಜೇಬನದೂ ಉಂಟೆಂದರೆ ಅನೇಕರು ಹುಬ್ಬೇರಿಸುತ್ತಾರೆ. ಮಠದ ಗುರುಕುಲದ ಶತಮಾನೋತ್ಸವ 2020ರಲ್ಲಿ ನಡೆಯಿತು. ಇನ್ನೂ ಮುಂದೆ ಮದನಪುರ, ಸೋನಾರ್‌ಪುರ ದಾಟಿ ಎಡಕ್ಕೆ ಇಳಿದರೆ ಕೇದಾರ ಘಾಟ್, ಹರಿಶ್ಚಂದ್ರ ಘಾಟ್, ಹನುಮಾನ್ ಘಾಟ್. ದಕ್ಷಿಣದೇಶದವರ ಕೇರಿಗಳಿವು, ಇಡ್ಲಿ ಸಾರು ಅನ್ನ ಸಿಗುತ್ತದೆ, ನಮ್ಮ ಪದ್ಧತಿ ಬಲ್ಲ ಪುರೋಹಿತರೂ ಸಿಗುತ್ತಾರೆ. ಹರಿಶ್ಚಂದ್ರ ಘಾಟಿಗೂ ಹನುಮಾನ್ ಘಾಟಿಗೂ ನಡುವೆ ಹಿಂದಿನ ಮೈಸೂರು ಸಂಸ್ಥಾನದವರು ಕಟ್ಟಿಸಿದ ಘಟ್ಟವಿದೆ; ಈಗಲೂ ಅದಕ್ಕೆ ಕರ್ನಾಟಕದ ಹೆಸರೇ. ಕರ್ನಾಟಕ ಸರ್ಕಾರದ ಛತ್ರವೂ ಇದೇ ಕಡೆ. ಮಠದಲ್ಲಾಗಲಿ ಛತ್ರದಲ್ಲಾಗಲಿ ತಂಗುವ ಇಚ್ಛೆಯಿದ್ದವರು ಮುಂಚೆ ವಿಚಾರಿಸಿ ಸ್ಥಳ ಗೊತ್ತುಮಾಡಿಕೊಂಡೇ ಹೊರಡಬೇಕು. ಗಂಟುಮೂಟೆಯೊಡನೆ ಬಾಗಿಲಲ್ಲಿ ನಿಂತು "ಕನ್ನಡದವರು" ಎಂದರೆ ಸಾಲದು; ಒಳಗಿರುವವರೂ ಕನ್ನಡದವರೇ.

ಇನ್ನು ದಿನಚರಿ. ಮಧ್ಯಾಹ್ನ ಬಂದು ಇಳಿದಿರೆಂದು ಇಟ್ಟುಕೊಳ್ಳೋಣ. ಆ ದಿನ ಗುಡಿಗೆ ಓಡಬೇಡಿ. ಸ್ನಾನ, ಊಟ, ಹಿರಿಯರಿಗೆ ಎರಡು ಗಂಟೆ ನಿದ್ದೆ. ಸಂಜೆ ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ದಶಾಶ್ವಮೇಧಕ್ಕೆ ಹೋಗಿ ಆರತಿಗೆ ಜಾಗ ಹಿಡಿಯಬಹುದು. ನನ್ನ ಮಟ್ಟಿಗೆ, ಮೆಟ್ಟಿಲ ಮೇಲಿನ ನೂಕುನುಗ್ಗಲಿಗಿಂತ ಕೇದಾರ ಘಾಟಿನ ಕಡೆಯಿಂದ ದೋಣಿ ಗೊತ್ತುಮಾಡಿಕೊಂಡು ನೀರಿನ ಮೇಲಿಂದ ಆರತಿ ನೋಡುವುದು ವಾಸಿ. ಮಂಡಿನೋವಿನವರಿಗಂತೂ ಬಹಳ ವಾಸಿ. ದೋಣಿಯವನೊಡನೆ ಬಾಡಿಗೆ ಇಡೀ ದೋಣಿಗೋ ತಲೆಗೋ, ಹೋಗುವುದಕ್ಕೆ ಮಾತ್ರವೋ ಬರುವುದೂ ಸೇರಿಯೋ, ಇಷ್ಟನ್ನೂ ಹತ್ತುವ ಮುಂಚೆಯೇ ಆಡಿ ಮುಗಿಸಿ. ಆರತಿಯಾದ ಕೂಡಲೇ ಏಳಬೇಡಿ. ಅರ್ಧ ಗಂಟೆ ಕುಳಿತರೆ ಗೋದೌಲಿಯಾದ ದಾರಿ ತಾನಾಗಿ ಸಡಿಲವಾಗುತ್ತದೆ. ಚೌಕದ ಬಳಿ ಥಂಡಾಯಿ ಕುಡಿಯುವವರು ಭಂಗಿಯಿಲ್ಲದ್ದು ಬೇಕೆಂದು ಬಾಯಿಬಿಟ್ಟು ಹೇಳಲೇಬೇಕು. ಚಳಿಗಾಲವಾದರೆ ಮಕ್ಕಳಿಗೆ ಬೆಳಿಗ್ಗೆ ಮಲಾಯಿಯೋ ಕೊಡಿಸಿ. ಹಾಲಿನ ನೊರೆಯಿಂದ ಮಾಡಿದ ಆ ತಿಂಡಿ ಬಾಯಲ್ಲಿಟ್ಟರೆ ಇಲ್ಲವಾಗುತ್ತದೆ, ಬೇಸಿಗೆಯಲ್ಲಿ ಎಷ್ಟು ಹಣ ಕೊಟ್ಟರೂ ಸಿಗದು.

ಮರುದಿನದ ಬೆಳಗಿನ ಹೊತ್ತನ್ನು ಯಾವುದಕ್ಕೆ ಕೊಡುವುದೆಂಬುದೇ ನಿಜವಾದ ತೊಡಕು. ಇಲ್ಲಿ ಗಂಗೆ ಉತ್ತರಕ್ಕೆ ಹರಿಯುತ್ತಾಳೆ, ಘಟ್ಟಗಳೆಲ್ಲ ಪೂರ್ವಕ್ಕೆ ಮುಖಮಾಡಿವೆ, ಆಚೆದಡದಲ್ಲಿ ಕಟ್ಟಡಗಳಿಲ್ಲ. ಆದ್ದರಿಂದ ಸೂರ್ಯೋದಯ ನೇರವಾಗಿ ಮುಖಕ್ಕೆ ಬೀಳುತ್ತದೆ. ಅದನ್ನು ತಪ್ಪಿಸಿಕೊಳ್ಳಬಾರದು. ಅದಾದಮೇಲೆ ಶ್ರಾದ್ಧಕರ್ಮವಿದ್ದರೆ ಮಧ್ಯಾಹ್ನದವರೆಗಿನ ಹೊತ್ತು ಅದಕ್ಕೇ ಮೀಸಲು. "ಒಂದು ಗಂಟೆಯಲ್ಲಿ ಮುಗಿಸಿಕೊಡಿ" ಎಂದು ಪುರೋಹಿತರನ್ನು ಅವಸರಪಡಿಸುವುದಾದರೆ ಮಾಡಿಸದಿರುವುದೇ ಮೇಲು. ದಕ್ಷಿಣೆ, ಸಾಮಗ್ರಿ, ಭೋಜನ ಎಲ್ಲಕ್ಕೂ ಒಟ್ಟು ಎಷ್ಟೆಂದು ಹಿಂದಿನ ಸಂಜೆಯೇ ಕೇಳಿ ತಿಳಿದುಕೊಳ್ಳಿ. ಇದರಲ್ಲಿ ನಾಚಿಕೆಯೇನೂ ಇಲ್ಲ.

ಕೆಲವು ವರ್ಷಗಳ ಹಿಂದೆ ಸಮುದ್ರದಾಚೆಯಿಂದ ಒಂದು ಸಂಸಾರ ಬಂದಿತ್ತು. ಮಗನು ಹನ್ನೊಂದು ಸ್ಥಳಗಳ ಪಟ್ಟಿಯನ್ನು ಗಂಟೆ ನಿಮಿಷಗಳ ಸಮೇತ ಬರೆದುತಂದಿದ್ದನು. ಸಾರನಾಥವೂ ಇತ್ತು, ರಾಮನಗರದ ಕೋಟೆಯೂ ಇತ್ತು. ರಾತ್ರಿ ನಮ್ಮ ಮನೆಯಲ್ಲಿ ಅದನ್ನು ಓದುತ್ತಿರುವಾಗ ಸೊಸೆ, "ಅತ್ತೆ, ನಿಮಗೆ ಇದರಲ್ಲಿ ಯಾವುದು ಬೇಕು?" ಎಂದಳು. ಆ ತಾಯಿಗೆ ಎಪ್ಪತ್ತೆಂಟು ವರ್ಷ. ಯಜಮಾನರೊಡನೆ ಬರಬೇಕೆಂದಿದ್ದವರು, ಅವರು ತೀರಿಕೊಂಡು ಎರಡು ವರ್ಷವಾಗಿತ್ತು. "ಅವರ ಹೆಸರಿನಲ್ಲಿ ಆಗಬೇಕಾದ್ದು ಆಗಲಿ. ಆಮೇಲೆ ನೀರಿನಲ್ಲಿ ಕಾಲಿಟ್ಟುಕೊಂಡು ಒಂದು ಗಂಟೆ ಕೂತಿರುತ್ತೇನೆ. ನನ್ನನ್ನು ಯಾರೂ ಏಳು ಅನ್ನಬೇಡಿ" ಎಂದರು. ಮಗನು ಸ್ವಲ್ಪ ಹೊತ್ತು ಸುಮ್ಮನಿದ್ದು ಪೆನ್ಸಿಲು ಕೇಳಿ ಒಂಬತ್ತನ್ನು ಹೊಡೆದುಹಾಕಿದನು. ಸಾರನಾಥ ಹೋಯಿತೆಂದು ಮೊಮ್ಮಗ ಮುಖ ಊದಿಸಿಕೊಂಡ. ಬೆಳಿಗ್ಗೆ ದೋಣಿಯವನು ಹುಟ್ಟನ್ನು ಅವನ ಕೈಗೆ ಕೊಟ್ಟಮೇಲೆ ಆ ಮುಖ ಇಳಿಯಿತು.

ಶ್ರಾದ್ಧದ ಕೆಲಸವಿಲ್ಲದವರು ಸೂರ್ಯೋದಯವಾದ ಮೇಲೆ ನೇರವಾಗಿ ವಿಶ್ವನಾಥನ ದರ್ಶನಕ್ಕೆ ಹೋಗಬಹುದು. ಈಗಿನ ಗುಡಿ ಅಹಲ್ಯಾಬಾಯಿ ಹೋಳ್ಕರರು 1780ರ ಸುಮಾರಿಗೆ ಕಟ್ಟಿಸಿದ್ದು. ಶಿಖರದ ಬಂಗಾರ ಪಂಜಾಬಿನ ರಣಜಿತ್ ಸಿಂಹನ ಕಾಣಿಕೆ. 2021ರ ಡಿಸೆಂಬರ್ 13ರಂದು ತೆರೆದ ವಿಶಾಲವಾದ ಆವರಣದಿಂದಾಗಿ ಈಗ ಹೊಳೆಯ ಕಡೆಯಿಂದಲೇ ಹತ್ತಿ ಗುಡಿಗೆ ಬರಬಹುದು. ಹಳೆಯ ಓಣಿಗಳ ಇಕ್ಕಟ್ಟನ್ನು ಕಂಡವರಿಗೆ ಒಂದು ಕಡೆ ನೆಮ್ಮದಿ, ಒಂದು ಕಡೆ ಏನೋ ಕಳೆದುಕೊಂಡ ಹಾಗೆ. ಮೊಬೈಲು, ಚೀಲ ಒಳಗೆ ಬಿಡುವುದಿಲ್ಲ. ಕೋಣೆಯಲ್ಲಿಯೇ ಬಿಟ್ಟು, ಸ್ವಲ್ಪ ಹಣವನ್ನೂ ಗುರುತಿನ ಚೀಟಿಯನ್ನೂ ಇಟ್ಟುಕೊಂಡು ಹೋಗುವುದು ಲೇಸು. ಮೊಬೈಲಿಲ್ಲದೆ ಗುಂಪು ಚದುರಿದರೆ ಎಲ್ಲಿ ಸೇರಬೇಕೆಂದು ಮೊದಲೇ ನಿಶ್ಚಯಿಸಿರಿ. ಅನ್ನಪೂರ್ಣೆ ಪಕ್ಕದಲ್ಲಿಯೇ, ವಿಶಾಲಾಕ್ಷಿಯೂ ದೂರವಿಲ್ಲ.

ಮಧ್ಯಾಹ್ನದ ಮೇಲೆ ಉಳಿಯುವುದು ಒಂದು ಸ್ಥಳಕ್ಕೆ ಮಾತ್ರ ಸಮಯ. ಸಾರನಾಥವೋ ವಿಶ್ವವಿದ್ಯಾನಿಲಯವೋ ಆರಿಸಿಕೊಳ್ಳಿ. ಸಾರನಾಥದ ವಸ್ತುಸಂಗ್ರಹಾಲಯದಲ್ಲಿ ನಮ್ಮ ರಾಷ್ಟ್ರಚಿಹ್ನೆಯ ಮೂಲ ಸಿಂಹಗಳಿವೆ. ಶುಕ್ರವಾರ ಅದಕ್ಕೆ ರಜೆ. ಹಿಂದೂ ವಿಶ್ವವಿದ್ಯಾನಿಲಯ 1916ರಲ್ಲಿ ಆರಂಭವಾದಾಗ ಅದರ ಮೊದಲ ಕುಲಾಧಿಪತಿಗಳು ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಹೊರನಾಡಿನಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಅದನ್ನು ಅಲ್ಲಿಯೇ ನಿಂತು ಹೇಳುವುದು ಚೆನ್ನ. ಜೈನ ಬಂಧುಗಳಿಗೆ ಪಾರ್ಶ್ವನಾಥರ ಜನ್ಮಸ್ಥಳ ಭೇಲೂಪುರ ಹತ್ತಿರವೇ ಇದೆ. ಪ್ರಯಾಗ ನೂರಿಪ್ಪತ್ತು ಕಿಲೋಮೀಟರು, ಗಯೆ ಇನ್ನೂರಕ್ಕೂ ಹೆಚ್ಚು; ಅವನ್ನು ಈ ಒಂದೂವರೆ ದಿನದೊಳಗೆ ತುರುಕಬೇಡಿ.

ತಿಂಗಳನ್ನು ಆರಿಸುವಾಗ ಒಂದು ಮಾತು. ಇಲ್ಲಿಯ ಪಂಚಾಂಗದಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮದರಲ್ಲಿ ಅಮಾವಾಸ್ಯೆಗೆ. ನಮ್ಮ ಕ್ಯಾಲೆಂಡರಿನಲ್ಲಿ ಇನ್ನೂ ಆಷಾಢ ಬಹುಳವಿರುವಾಗಲೇ ಇಲ್ಲಿ ಶ್ರಾವಣ ಹೊಕ್ಕಿರುತ್ತದೆ. "ಆಷಾಢದಲ್ಲಿ ಜನ ಕಡಿಮೆ" ಎಂದುಕೊಂಡು ಬಂದವರು ಶ್ರಾವಣ ಸೋಮವಾರದ ಜನಸಾಗರದಲ್ಲಿ ಸಿಕ್ಕಿಕೊಳ್ಳುತ್ತಾರೆ. ಆಗಸ್ಟ್, ಸೆಪ್ಟೆಂಬರ್‌ಗಳಲ್ಲಿ ಹೊಳೆಯೇರಿ ಮೆಟ್ಟಿಲುಗಳು ಮುಳುಗಿ ದೋಣಿ ನಿಲ್ಲಿಸುವುದೂ ಉಂಟು. ಕಾರ್ತಿಕ ಹುಣ್ಣಿಮೆಯ ದೇವದೀಪಾವಳಿ ಕಣ್ಣಿಗೆ ಹಬ್ಬ, ಕೋಣೆಯ ಬಾಡಿಗೆಗೆ ಮಾತ್ರ ಅಮಾವಾಸ್ಯೆ. ಫೆಬ್ರವರಿಯಲ್ಲಿ ಶಿವರಾತ್ರಿಯ ಆಸುಪಾಸು ಬಿಟ್ಟು ಬಂದರೆ ಹಿತ.

ಸೀರೆಯ ವಿಷಯ. ನೇಕಾರರ ಮದನಪುರ ಗೋದೌಲಿಯಾಕ್ಕೆ ಹತ್ತಿರವೇ. ದೋಣಿಯವನೋ ಆಟೋದವನೋ ತಾನಾಗಿ ಕರೆದುಕೊಂಡುಹೋಗುವ ಅಂಗಡಿಯಲ್ಲಿ ಅವನ ಪಾಲೂ ನಿಮ್ಮ ಬೆಲೆಯಲ್ಲಿಯೇ ಸೇರಿರುತ್ತದೆ. ಎರಡು ಗಂಟೆ ಬಿಡುವಿಲ್ಲದಿದ್ದರೆ ಸೀರೆಯ ಅಂಗಡಿಗೆ ಕಾಲಿಡಲೇಬೇಡಿ. ಹಾಸಿದ ಮೇಲೆ ಏಳುವುದು ಕಷ್ಟ.

ಗಂಗೆಯ ಗಿಂಡಿಯನ್ನು ಮರೆಯುವಂತಿಲ್ಲ. ಊರಿಗೆ ಹೋಗಿ ಗಂಗಾಪೂಜೆ ಮಾಡುವವರಿಗಾಗಿ ನೀರು ತುಂಬಿ ಬೆಸುಗೆ ಹಾಕಿದ ಸಣ್ಣ ತಾಮ್ರದ ಗಿಂಡಿಗಳು ವಿಶ್ವನಾಥನ ಓಣಿಯಲ್ಲಿ ಸಿಗುತ್ತವೆ. ಕೊಳ್ಳುವಾಗ ತಲೆಕೆಳಗೆ ಮಾಡಿ, ಕೈಯಲ್ಲಿ ಒತ್ತಿ, ಬೆಸುಗೆ ಸೋರುವುದೇ ಎಂದು ನೋಡಿಕೊಳ್ಳಿ. ವಿಮಾನದಲ್ಲಿ ಪರದೇಶಕ್ಕೆ ಹೋಗುವವರು ಅದನ್ನು ಕೈಚೀಲದಲ್ಲಿಟ್ಟರೆ ತಪಾಸಣೆಯಲ್ಲಿ ತೆಗೆದಿಡಿಸುತ್ತಾರೆ. ದೊಡ್ಡ ಪೆಟ್ಟಿಗೆಯ ನಡುವೆ, ಹಳೆಯ ಪಂಚೆಯಲ್ಲಿ ಎರಡು ಸುತ್ತು ಸುತ್ತಿ ಇಡಿ. ಎರಡು ಕೊಂಡು ಒಂದನ್ನು ಊರಿನ ಮನೆಯಲ್ಲಿ ಬಿಟ್ಟುಹೋಗುವುದು ಇನ್ನೂ ಒಳ್ಳೆಯದು.